ಶಿಶುವಿಹಾರದಲ್ಲಿ ವಾಂತಿಭೇದಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆ ಗಂಟೆಯ ಸಮಯ. ಶಿಶುವಿಹಾರದ ಬಾಗಿಲಿನಲ್ಲಿ ತಾಯಿಯೊಬ್ಬರು ತಮ್ಮ ಒಂದೂವರೆ ವರ್ಷದ ಮಗುವನ್ನು ಆಯಮ್ಮನ ಕೈಗೆ ಕೊಡುತ್ತಾ, “ರಾತ್ರಿ ಎರಡು ಸಲ ಭೇದಿ ಆಯ್ತು ಆಯಮ್ಮ. ಏನಿಲ್ಲ, ಹಲ್ಲು ಬರ್ತಾ ಇದೆಯಲ್ಲ, ಅದಕ್ಕೇ” ಎನ್ನುತ್ತಾರೆ. “ಆಗಲಿ ಬಿಡಮ್ಮ, ನಾನು ನೋಡ್ಕೋತೀನಿ. ನೀನು ಹೊರಡು, ಬಸ್ಸು ತಪ್ಪೀತು” ಎಂದು ಆಯಮ್ಮ ಧೈರ್ಯ ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಕಪಟವಿಲ್ಲ. ಆದರೆ ಬುಧವಾರದ ಹೊತ್ತಿಗೆ ಅದೇ ಕೋಣೆಯ ನಾಲ್ಕು ಮಕ್ಕಳಿಗೆ ಭೇದಿ. ಗುರುವಾರ ಆಯಮ್ಮನಿಗೇ ವಾಂತಿ. ಶುಕ್ರವಾರ ಒಂದು ಮಗುವಿನ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿಯುತ್ತಾರೆ. ಆಗ ಮಾತು ಹುಟ್ಟುತ್ತದೆ. ಉಪ್ಪಿಟ್ಟು ಹಳಸಿತ್ತು ಎಂದು ಒಬ್ಬರು, ನಲ್ಲಿಯ ನೀರು ಕೆಟ್ಟಿದೆ ಎಂದು ಇನ್ನೊಬ್ಬರು, ಮಳೆಗಾಲವಲ್ಲವೆ ಎಂದು ಮತ್ತೊಬ್ಬರು. ಸೋಮವಾರ ಬಾಗಿಲಿನಲ್ಲಿ ನಡೆದ ಮಾತು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಮಕ್ಕಳ ವೈದ್ಯನಾಗಿ ಇಂಥ ವಾರಗಳನ್ನು ನಾನು ಅನೇಕ ಸಲ ನೋಡಿದ್ದೇನೆ. ಹಳಸಿದ ತಿಂಡಿ, ಕೆಟ್ಟ ನೀರು ಇವುಗಳಿಂದ ರೋಗ ಬರುವುದು ನಿಜ. ಆದರೆ ಚಿಕ್ಕ ಮಕ್ಕಳು ಹತ್ತಿಪ್ಪತ್ತು ಮಂದಿ ಒಂದೆಡೆ ಕೂಡುವ ಜಾಗದಲ್ಲಿ ಈ ರೋಗ ಬಹುಮಟ್ಟಿಗೆ ಕೈಯಿಂದ ಕೈಗೆ ಹೋಗುತ್ತದೆ. ಅದರಲ್ಲಿಯೂ ಮಕ್ಕಳ ಕೈಗಿಂತ ದೊಡ್ಡವರ ಕೈ ಹೆಚ್ಚು ದೂರ ಸಂಚರಿಸುತ್ತದೆ. ಇದೊಂದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ನಮ್ಮ ನಾಡಿನಲ್ಲಿ ಮಕ್ಕಳನ್ನು ಹೀಗೆ ಒಂದೆಡೆ ಸೇರಿಸಿ ನೋಡಿಕೊಳ್ಳುವ ಏರ್ಪಾಡು ಹೊಸದಲ್ಲ. ಊರೂರಿನ ಮಹಿಳಾ ಸಮಾಜಗಳು ಶಿಶುವಿಹಾರಗಳನ್ನು ನಡೆಸಿಕೊಂಡು ಬಂದವು. ೧೯೭೫ರ ಅಕ್ಟೋಬರ್ ೨ರಂದು ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರವನ್ನು. ೨೦೧೭ರ ಹೆರಿಗೆ ಸೌಲಭ್ಯ ತಿದ್ದುಪಡಿಯು ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು ವಿಧಿಸಿತು. ೨೦೨೩ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗಾಗಿ ‘ಕೂಸಿನ ಮನೆ’ಗಳು ಬಂದವು. ಪಟ್ಟಣದ ಬಡಾವಣೆಗಳಲ್ಲಂತೂ ಬೀದಿಗೊಂದು ‘ಡೇ ಕೇರ್’ ಫಲಕ ಕಾಣುತ್ತದೆ. ತಾಯಿ ದುಡಿಯಲು ಹೊರಟ ಮನೆಗೆ ಇದು ಬೇಕೇ ಬೇಕು. ಆದುದರಿಂದ ‘ಮಗುವನ್ನು ಕಳುಹಿಸಲೇಬೇಡಿ’ ಎಂಬ ಸುಲಭದ ಉಪದೇಶವನ್ನು ನಾನು ಮಾಡುವವನಲ್ಲ.

ಮೊದಲು ಹಲ್ಲಿನ ವಿಷಯ ಹೇಳಿ ಮುಗಿಸುತ್ತೇನೆ. ಹಲ್ಲು ಬರುವುದರಿಂದ ಭೇದಿಯಾಗುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರುಬಿಟ್ಟಿದೆ. ಇದು ಹುಟ್ಟಿದ್ದಕ್ಕೂ ಕಾರಣವುಂಟು. ಆರೇಳು ತಿಂಗಳಿಗೆ ಹಲ್ಲು ಮೊಳೆಯುತ್ತದೆ; ಅದೇ ಸಮಯಕ್ಕೆ ಮಗು ಅಂಬೆಗಾಲಿಟ್ಟು ನೆಲದ ಮೇಲಿನ ವಸ್ತುವನ್ನೆಲ್ಲ ಬಾಯಿಗೆ ಹಾಕಲು ಕಲಿಯುತ್ತದೆ; ಅದೇ ಸಮಯಕ್ಕೆ ಮೇಲೂಟ ಆರಂಭವಾಗುತ್ತದೆ; ಗರ್ಭದಲ್ಲಿದ್ದಾಗ ತಾಯಿಯಿಂದ ಪಡೆದ ರೋಗನಿರೋಧಕ ಶಕ್ತಿ ಕುಗ್ಗುವುದೂ ಅದೇ ಸಮಯಕ್ಕೆ. ನಾಲ್ಕೂ ಒಟ್ಟಿಗೆ ಬಂದು, ಕಣ್ಣಿಗೆ ಕಾಣುವ ಹಲ್ಲಿನ ಮೇಲೆ ತಪ್ಪು ಬಿತ್ತು. ಹಲ್ಲು ಬರುವಾಗ ಜೊಲ್ಲು ಸುರಿದೀತು, ಮಗು ರಚ್ಚೆ ಹಿಡಿದೀತು. ನೀರುನೀರಾದ ಭೇದಿಯಾದರೆ ಅದು ಸೋಂಕೆಂದೇ ತಿಳಿಯಬೇಕು.

ಇನ್ನು ಈ ಸೋಂಕಿನ ರೋಗಾಣುಗಳು. ಅವು ಅನೇಕ, ಶಿಶುವಿಹಾರದ ಮಟ್ಟಿಗೆ ಮೂರನ್ನು ತಿಳಿದರೆ ಸಾಕು. ಒಂದು, ರಕ್ತ ಮತ್ತು ಸಿಂಬಳದಂಥ ಆಮದೊಡನೆ ಬರುವ ಭೇದಿ, ಅಂದರೆ ಆಮಶಂಕೆಯನ್ನು ತರುವ ಷಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. ೧೮೯೭ರಲ್ಲಿ ಇದನ್ನು ಕಂಡುಹಿಡಿದ ಜಪಾನಿನ ಕಿಯೋಷಿ ಷಿಗಾ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಎರಡನೆಯದು ರೋಟಾವೈರಸ್, ೧೯೭೩ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಭೇದಿಯಾದ ಮಕ್ಕಳ ಕರುಳಿನಲ್ಲಿ ಇದನ್ನು ಕಂಡರು. ಲಸಿಕೆ ಬರುವುದಕ್ಕೆ ಮುಂಚೆ ಐದು ವರ್ಷ ತುಂಬುವುದರೊಳಗೆ ಇದು ಒಮ್ಮೆಯಾದರೂ ಮುಟ್ಟದ ಮಗು ಲೋಕದಲ್ಲೇ ವಿರಳವಾಗಿತ್ತು.

ಮೂರನೆಯದರ ಕಥೆ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಅಮೆರಿಕದ ಒಹಾಯೊ ಸಂಸ್ಥಾನದ ನಾರ್ವಾಕ್ ಎಂಬ ಊರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ೧೯೬೮ರಲ್ಲಿ ಎರಡೇ ದಿನಗಳಲ್ಲಿ ಮಕ್ಕಳೂ ಉಪಾಧ್ಯಾಯರೂ ಸೇರಿ ಸುಮಾರು ಅರ್ಧದಷ್ಟು ಮಂದಿ ವಾಂತಿ ಹೊಟ್ಟೆತೊಳಸಿನಿಂದ ಮಲಗಿದರು. ಅವರ ಮನೆಗಳವರಲ್ಲಿ ಹೆಚ್ಚುಕಡಿಮೆ ಮೂವರಿಗೊಬ್ಬರಂತೆ ಆಮೇಲೆ ಮಲಗಿದರು. ಆಗ ಕಾರಣ ಸಿಕ್ಕಲಿಲ್ಲ. ಶೇಖರಿಸಿ ಇಟ್ಟಿದ್ದ ಮಾದರಿಯಲ್ಲಿ ೧೯೭೨ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಪುಟ್ಟ ವೈರಸ್ಸನ್ನು ಕಂಡರು. ಅದೇ ಇಂದಿನ ನೋರೋವೈರಸ್. ಶಾಲೆಯಿಂದ ಮನೆಗೆ, ಮನೆಯಿಂದ ಶಾಲೆಗೆ ರೋಗ ಓಡಾಡುವ ರೀತಿಯನ್ನು ಆ ಊರು ಮೊದಲೇ ತೋರಿಸಿಕೊಟ್ಟಿತ್ತು.

ನೋರೋವೈರಸ್ಸಾಗಲಿ ಷಿಗೆಲ್ಲಾ ಆಗಲಿ ರೋಗ ತರಲು ಬಹಳ ಸಂಖ್ಯೆಯಲ್ಲಿ ಹೊಟ್ಟೆಗೆ ಹೋಗಬೇಕಾಗಿಲ್ಲ. ನೂರರೊಳಗೆ ಹೋದರೂ ಸಾಕು. ಸೋಂಕಿದ ಮಗುವಿನ ಒಂದು ಗ್ರಾಂ ಮಲದಲ್ಲಾದರೋ ವೈರಸ್ಸುಗಳು ಕೋಟಿಗಟ್ಟಲೆ. ಕೈ ಕಣ್ಣಿಗೆ ಶುಭ್ರವಾಗಿ ಕಂಡಿತೆಂದರೆ ರೋಗಾಣುವಿಲ್ಲವೆಂದು ಅರ್ಥವಲ್ಲ.

ಇಲ್ಲಿ ನಮ್ಮ ಸಂಪ್ರದಾಯದ ಒಂದು ಮಾತನ್ನು ಎತ್ತಬೇಕು. ಮಡಿಮೈಲಿಗೆಯ ವಿಚಾರದಲ್ಲಿ ನಾವು ಕಟ್ಟುನಿಟ್ಟಾದ ಜನ. ಆದರೆ ಎಳೆಕೂಸಿನ ಕಕ್ಕಸ್ಸಿಗೆ ನಮ್ಮಲ್ಲಿ ರಿಯಾಯಿತಿ ಉಂಟು. ‘ಕೂಸಿನದು ಏನು ಹೇಸಿಗೆ, ಹಾಲು ಕುಡಿಯುವ ಮಗು’ ಎಂದು ಸೀರೆಯ ಮೇಲೆ ಆದದ್ದನ್ನು ನೀರು ತಟ್ಟಿ ಒರೆಸಿಕೊಂಡು ಒಲೆಯ ಮುಂದೆ ಕುಳಿತ ಅಜ್ಜಿಯರನ್ನು ನಾವೆಲ್ಲ ಬಲ್ಲೆವು. ಪ್ರೀತಿಯ ದೃಷ್ಟಿಯಿಂದ ಇದು ಚೆಲುವಾದ ಮಾತೇ. ಆದರೆ ಭೇದಿಯ ರೋಗಾಣುಗಳು ದೊಡ್ಡವರ ಮಲಕ್ಕಿಂತ ಚಿಕ್ಕ ಮಕ್ಕಳ ಮಲದಲ್ಲಿ ಇರುವ ಸಂಭವವೇ ಹೆಚ್ಚು. ಮನೆಯಲ್ಲಿ ಒಂದು ಕೂಸಿದ್ದಾಗ ನಡೆದುಹೋದ ಈ ರಿಯಾಯಿತಿ, ಹದಿನೈದು ಕೂಸುಗಳಿರುವ ಕೋಣೆಯಲ್ಲಿ ನಡೆಯುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಅಮೆರಿಕದ ಅಟ್ಲಾಂಟಾ ಪ್ರದೇಶದಲ್ಲಿ ರಾಬರ್ಟ್ ಬ್ಲ್ಯಾಕ್ ಮತ್ತು ಸಂಗಡಿಗರು ನಡೆಸಿ ೧೯೮೧ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇದಕ್ಕೆ ಉತ್ತರ ಕೊಡುತ್ತದೆ. ನಾಲ್ಕು ಶಿಶುಪಾಲನಾ ಕೇಂದ್ರಗಳನ್ನು ಆರಿಸಿಕೊಂಡರು. ಎರಡರಲ್ಲಿ ಒಂದೇ ಒಂದು ಕಟ್ಟಳೆ ತಂದರು. ಕೇಂದ್ರಕ್ಕೆ ಬಂದ ಕೂಡಲೆ, ಮಕ್ಕಳ ಬಟ್ಟೆ ಬದಲಿಸಿದ ಅಥವಾ ಶೌಚಕ್ಕೆ ಹೋಗಿಬಂದ ನಂತರ, ಆಹಾರ ಮುಟ್ಟುವ ಮತ್ತು ತಿನ್ನುವ ಮುಂಚೆ, ನೋಡಿಕೊಳ್ಳುವವರೂ ಮಕ್ಕಳೂ ಸಾಬೂನಿನಿಂದ ಕೈ ತೊಳೆಯುವುದು. ಉಳಿದೆರಡನ್ನು ಇದ್ದಂತೆಯೇ ಬಿಟ್ಟರು. ಸುಮಾರು ೩೫ ವಾರ ಎಣಿಸಿ ನೋಡಿದರೆ, ಕೈ ತೊಳೆದ ಕೇಂದ್ರಗಳಲ್ಲಿ ಭೇದಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹೊಸ ಔಷಧಿಯಿಲ್ಲ, ಹೊಸ ಕಟ್ಟಡವಿಲ್ಲ.

‘ನಾವೂ ಕೈ ತೊಳೆಯುತ್ತೇವಲ್ಲ’ ಎಂದು ನೀವು ಹೇಳಬಹುದು. ತೊಳೆಯುತ್ತೇವೆ, ಆದರೆ ಹೇಗೆ? ಒಮ್ಮೆ ಒಂದು ಕೇಂದ್ರದಲ್ಲಿ ಅರ್ಧ ದಿನ ಸುಮ್ಮನೆ ಕುಳಿತು ಆಯಮ್ಮನ ಕೈಯನ್ನೇ ನೋಡಿದೆ. ಮಗು ಕಕ್ಕಸ್ಸು ಮಾಡಿತು. ಬಕೆಟ್ಟಿನಿಂದ ಬಲಗೈಯಲ್ಲಿ ಚೊಂಬು ತೆಗೆದು ಎಡಗೈಯಲ್ಲಿ ತೊಳೆಸಿದರು. ಎಡಗೈಗೆ ಅದೇ ಚೊಂಬಿನಿಂದ ನೀರು ಹುಯ್ದುಕೊಂಡರು. ಚೊಂಬನ್ನು ಬಕೆಟ್ಟಿನೊಳಗೆ ಬಿಟ್ಟರು. ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅಷ್ಟರಲ್ಲಿ ಇನ್ನೊಂದು ಮಗುವಿನ ಮೂಗು ಸೋರುತ್ತಿತ್ತು, ಅದೇ ಸೆರಗಿನಿಂದ ಒರೆಸಿದರು. ಒಳಗಿನಿಂದ ಟೀಚರ್ ಕರೆದರು, “ಬನ್ನಿ ಆಯಮ್ಮ, ತಿಂಡಿಗೆ ಹೊತ್ತಾಯ್ತು.” ಹೋಗಿ ಬಾಳೆಹಣ್ಣು ಸುಲಿದು ತುಂಡು ಮಾಡಿ ಕೊಟ್ಟರು. ಆಕೆ ಸೋಮಾರಿಯಲ್ಲ, ಕೊಳಕಿಯಲ್ಲ. ಹದಿನೆಂಟು ಮಕ್ಕಳ ನಡುವೆ ಒಂದು ನಿಮಿಷವೂ ಕೂರದೆ ದುಡಿಯುತ್ತಿದ್ದರು. ಸಾಬೂನು ಎಲ್ಲಿದೆಯೆಂದು ಕೇಳಿದೆ. ಬೀರುವಿನಲ್ಲಿತ್ತು, ಹೊರಗಿಟ್ಟರೆ ಬೇಗ ಕರಗಿಹೋಗುತ್ತದೆಂದು.

ಆದುದರಿಂದ ನಾನು ಮೊದಲು ಹೇಳುವುದು ಜಾಗದ ಮಾತು. ತೊಳೆಸುವ ಜಾಗಕ್ಕೂ ತಿನ್ನಿಸುವ ಜಾಗಕ್ಕೂ ನಡುವೆ ಸಾಬೂನೂ ನೀರೂ ಕೈಗೆ ಎಟುಕುವಂತಿರಬೇಕು. ಹತ್ತು ಹೆಜ್ಜೆ ಆಚೆಗಿದ್ದರೆ, ಅಳುವ ಮಗುವನ್ನು ಬಿಟ್ಟು ಯಾರೂ ಹೋಗುವುದಿಲ್ಲ. ನೀರು ಹರಿಯುವ ನೀರಾಗಿರಬೇಕು. ಬೋಗುಣಿಯಲ್ಲಿ ಅದ್ದಿ ತೊಳೆದರೆ ಮೊದಲನೆಯವರ ರೋಗ ಎರಡನೆಯವರಿಗೆ ಹೋಗುತ್ತದೆ. ನಲ್ಲಿ ಇಲ್ಲವೆ? ತಳದಲ್ಲಿ ತೂಬು ಕೂರಿಸಿದ ಡ್ರಮ್ಮು ಸಾಕು. ಅದೂ ಇಲ್ಲದಿದ್ದರೆ ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿಗೆ ತೂತು ಮಾಡಿ ಕೋಲಿಗೆ ನೇತುಹಾಕಿ, ಕಾಲಿನಿಂದ ಹಗ್ಗ ತುಳಿದರೆ ವಾಲುವಂತೆ ಕಟ್ಟಿಕೊಳ್ಳಬಹುದು. ಕೈ ಡಬ್ಬಿಯನ್ನು ಮುಟ್ಟುವುದೇ ಇಲ್ಲ. ಮಕ್ಕಳಿಗಂತೂ ಅದು ಆಟ. ಒಂದು ಶಿಶುಗೀತೆಯನ್ನು ಎರಡು ಸಲ ಹೇಳುವಷ್ಟು ಹೊತ್ತು, ಬೆರಳ ಸಂದಿ, ಉಗುರು, ಹೆಬ್ಬೆರಳು ಸೇರಿ ಉಜ್ಜಬೇಕು. ಸೆರಗಿಗೆ ಒರೆಸಿಕೊಂಡರೆ ತೊಳೆದದ್ದೆಲ್ಲ ವ್ಯರ್ಥ. ಗಾಳಿಗೆ ಆರಿಸಿಕೊಳ್ಳಬೇಕು, ಇಲ್ಲವೆ ದಿನಾ ಒಗೆದ ಪ್ರತ್ಯೇಕ ಬಟ್ಟೆ ಇರಬೇಕು. ಕೆಲಸಕ್ಕೆ ಇಬ್ಬರಿದ್ದರೆ ತೊಳೆಸುವವರು ಒಬ್ಬರು, ಬಡಿಸುವವರು ಇನ್ನೊಬ್ಬರು ಎಂದು ಹಂಚಿಕೊಂಡರೆ ಅರ್ಧ ಗೆದ್ದಂತೆ.

೨೦೨೦ರ ಕೊರೋನಾ ಕಾಲದಿಂದ ಎಷ್ಟೋ ಕೇಂದ್ರಗಳ ಬಾಗಿಲಿನಲ್ಲಿ ಸ್ಯಾನಿಟೈಸರ್ ಸೀಸೆ ನಿಂತಿದೆ. ಅದರ ಮೇಲೆ ಬಹಳ ಭರವಸೆ ಬೇಡ. ಕೊರೋನಾ ವೈರಸ್ಸಿಗೆ ಕೊಬ್ಬಿನ ಹೊದಿಕೆಯುಂಟು. ಮದ್ಯಸಾರ ಅದನ್ನು ಕರಗಿಸಿ ಕೊಲ್ಲುತ್ತದೆ. ನೋರೋವೈರಸ್ಸಿಗೆ ಅಂಥ ಹೊದಿಕೆಯೇ ಇಲ್ಲ, ಕರಗಿಸುವುದೇನನ್ನು? ಸಾಬೂನು ಸಹ ಅದನ್ನು ಕೊಲ್ಲುವುದಿಲ್ಲ. ಚರ್ಮದಿಂದ ಬಿಡಿಸಿ ನೀರಿನೊಡನೆ ಹರಿದುಹೋಗುವಂತೆ ಮಾಡುತ್ತದೆ. ನೀರು ಹರಿಯಬೇಕೆಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಮಗು ಕೋಣೆಯಲ್ಲಿ ವಾಂತಿ ಮಾಡಿಕೊಂಡರೆ ಸಾಮಾನ್ಯವಾಗಿ ಪೊರಕೆಯೋ ನೆಲ ಒರೆಸುವ ಬಟ್ಟೆಯೋ ಬರುತ್ತದೆ. ಅದು ವಾಂತಿಯನ್ನು ಕೋಣೆಯ ತುಂಬ ಹಂಚುವ ಕೆಲಸ. ಮೊದಲು ಉಳಿದ ಮಕ್ಕಳನ್ನು ಆಚೆ ಕಳುಹಿಸಿ ಕಿಟಕಿ ತೆರೆಯಬೇಕು. ವಾಂತಿಯ ಸಣ್ಣ ಹನಿಗಳು ಗಾಳಿಯಲ್ಲಿ ಕೆಲವು ಅಡಿ ಹಾರುತ್ತವೆ. ಹಳೆಯ ಪತ್ರಿಕೆಯ ಹಾಳೆ ಮುಚ್ಚಿ, ಕೈಗವಸು ಹಾಕಿಕೊಂಡು, ಹೊರಗಿನಿಂದ ಒಳಕ್ಕೆ ಬಳಿದು ಚೀಲದಲ್ಲಿ ಕಟ್ಟಬೇಕು. ಆಮೇಲೆ ಸಾಬೂನು ನೀರಿನಿಂದ ಒರೆಸಿ, ಕೊನೆಗೆ ಬ್ಲೀಚಿಂಗ್ ಪೌಡರಿನ ನೀರು ಹಾಕಿ ಹತ್ತು ನಿಮಿಷ ಬಿಡಬೇಕು. ಒಳ್ಳೆಯ ಪುಡಿಯಾದರೆ ಲೀಟರು ನೀರಿಗೆ ೧೫ ಗ್ರಾಂ. ಕದಡಿ, ತಳ ಕೂತ ಮೇಲೆ ತಿಳಿಯನ್ನು ಉಪಯೋಗಿಸಬೇಕು. ಇದನ್ನು ಆಯಾ ದಿನವೇ ಮಾಡಿಕೊಳ್ಳಬೇಕು. ನಿನ್ನೆಯ ನೀರಿನಲ್ಲಿ ವಾಸನೆ ಉಳಿದರೂ ಶಕ್ತಿ ಉಳಿದಿರುವುದಿಲ್ಲ. ಕಕ್ಕಸ್ಸು ತೊಳೆಯುವ ಆಮ್ಲದೊಡನೆ ಬೆರೆಸಕೂಡದು, ವಿಷವಾಯು ಏಳುತ್ತದೆ. ಆಟಿಕೆಗಳ ವಿಷಯ ಸರಳ. ಬಾಯಿಗೆ ಹೋದದ್ದು ದಿನದ ಕೊನೆಗೆ ಸಾಬೂನು ನೀರು ಕಂಡು ಬಿಸಿಲು ಕಾಯಬೇಕು. ರೋಗ ಇರುವ ವಾರದಲ್ಲಿ ಮೆತ್ತನೆಯ ಬಟ್ಟೆಯ ಗೊಂಬೆಗಳು ಬೀರು ಸೇರುವುದು ವಾಸಿ. ಕುಡಿಯುವ ನೀರಿಗೆ ಲೋಟ ಅದ್ದಬಾರದು, ಹಿಡಿಯುಳ್ಳ ಸೌಟು ಬೇಕು. ಲಂಗೋಟಿ ಒಗೆಯುವ ಕಲ್ಲಿನ ಮೇಲೆ ಪಾತ್ರೆ ತೊಳೆಯುವುದಂತೂ ಕೂಡದು.

ಈಗ ಕಷ್ಟದ ಮಾತಿಗೆ ಬರೋಣ. ಭೇದಿ ಅಥವಾ ವಾಂತಿ ಆದ ಮಗುವನ್ನು ಕಳುಹಿಸಬಾರದು. ಎರಡೂ ನಿಂತು ಪೂರ್ತಿ ೪೮ ಗಂಟೆ ಕಳೆದ ಮೇಲೆ ಕರೆತರಬೇಕು. ಏತಕ್ಕೆಂದರೆ ಮಗು ಗೆಲುವಾದ ಮೇಲೂ ರೋಗಾಣುಗಳು ಮಲದಲ್ಲಿ ಬರುತ್ತಲೇ ಇರುತ್ತವೆ. ನೋರೋವೈರಸ್ಸಿನಲ್ಲಿ ಎರಡು ವಾರವೋ ಅದಕ್ಕೂ ಹೆಚ್ಚೋ ಬರಬಹುದು. ಮೊದಲ ಎರಡು ದಿನ ಅಪಾಯ ಹೆಚ್ಚು. ರಕ್ತಭೇದಿಯಾದರೆ ಮರಳಿ ಕರೆತರಲು ವೈದ್ಯರ ಮಾತು ಬೇಕು.

ಹೇಳುವುದು ಸುಲಭ. ಆದರೆ ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಿಗೆ ಮೂರು ದಿನ ರಜವೆಂದರೆ ಮೂರು ದಿನದ ಸಂಬಳ. ಮನೆಯಲ್ಲಿ ಅತ್ತೆಯಿಲ್ಲ, ಅಮ್ಮ ಊರಿನಲ್ಲಿ. ಆಕೆ ‘ಹಲ್ಲು ಬರ್ತಾ ಇದೆ’ ಎನ್ನುವುದು ಕೆಲವು ಸಲ ನಂಬಿಕೆಯಿಂದಲ್ಲ, ಬೇರೆ ದಾರಿ ಕಾಣದೆ. ಆಯಮ್ಮನ ಪಾಡೂ ಅದೇ. ತನಗೆ ಭೇದಿಯಾಗಿದೆ ಎಂದರೆ ಆ ದಿನದ ಕೂಲಿ ಹೋಗುತ್ತದೆ ಎಂದಾದರೆ ಯಾರು ಹೇಳಿಯಾರು? ಮಕ್ಕಳಿಗೆ ಕೈಯಾರೆ ಉಣ್ಣಿಸುವವರು ರೋಗವನ್ನು ಮುಚ್ಚಿಟ್ಟುಕೊಳ್ಳಬೇಕಾದ ಕೇಂದ್ರದಲ್ಲಿ ಎಷ್ಟು ಬ್ಲೀಚಿಂಗ್ ಪೌಡರ್ ಸುರಿದರೇನು? ಆದ್ದರಿಂದ ಕೇಂದ್ರ ನಡೆಸುವವರಿಗೂ ಮಾಲೀಕರಿಗೂ ನನ್ನ ಬಿನ್ನಹವೆಂದರೆ, ವರ್ಷಕ್ಕೆ ಐದಾರು ದಿನ ಸಂಬಳಸಹಿತ ರಜ ಇದಕ್ಕೆಂದೇ ಇಡಿ. ಮನೆಯ ಗಂಡಸರಿಗೂ ಒಂದು ಮಾತು. ಮಗುವಿಗೆ ಕಾಯಿಲೆಯಾದರೆ ರಜ ಹಾಕುವುದು ತಾಯಿಯೇ ಎಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ.

ಮನೆಯಲ್ಲಿ ಉಳಿದ ಮಗುವಿಗೆ ಏನು ಮಾಡಬೇಕು? ಪ್ರಾಣಕ್ಕೆ ಕುತ್ತು ತರುವುದು ಭೇದಿಯಲ್ಲ, ಅದರೊಡನೆ ಹೋಗುವ ನೀರು ಮತ್ತು ಲವಣ. ೧೯೭೧ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು, ಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಇಂದಿನ ಓ.ಆರ್.ಎಸ್. ಪೊಟ್ಟಣ ಅದರ ಸಂತಾನ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣ, ಒಂದು ಲೋಟ ಎಂಬ ಅಂದಾಜು ಅಪಾಯಕರ. ಕಲಸಿದ್ದನ್ನು ೨೪ ಗಂಟೆಯ ಮೇಲೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ೫೦ರಿಂದ ೧೦೦ ಮಿಲಿಲೀಟರ್ ಚಮಚೆಯಲ್ಲಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡಿ. ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡು ಸಿಹಿ ಪಾನೀಯಗಳನ್ನು ಮಾರುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ ೨೦೨೫ರಲ್ಲಿ ತಡೆ ಒಡ್ಡಿತು, ಅಂಥವು ಔಷಧಿಯಲ್ಲ. ಎದೆಹಾಲು ನಿಲ್ಲಿಸಬಾರದು. ಗಂಜಿ, ಮೊಸರನ್ನ, ಬಾಳೆಹಣ್ಣು ನಡೆಯಲಿ. ‘ಹೊಟ್ಟೆ ಖಾಲಿ ಬಿಟ್ಟರೆ ಭೇದಿ ನಿಲ್ಲುತ್ತದೆ’ ಎಂಬುದು ಸರಿಯಲ್ಲ. ಸತುವಿನ ಮಾತ್ರೆ ದಿನಕ್ಕೆ ೨೦ ಮಿಲಿಗ್ರಾಂ, ಆರು ತಿಂಗಳೊಳಗಿನ ಕೂಸಿಗೆ ೧೦, ಭೇದಿ ನಿಂತರೂ ಹದಿನಾಲ್ಕು ದಿನ. ಭೇದಿ ‘ಕಟ್ಟುವ’ ಮಾತ್ರೆಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ಕೊಡಬೇಡಿ. ಕಣ್ಣು ಗುಳಿಬಿದ್ದರೆ, ಅತ್ತರೆ ಕಣ್ಣೀರು ಬಾರದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಹೋದರೆ, ಮಂಪರು ಕವಿದರೆ, ಬಹಳ ಹೊತ್ತು ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆ ಕ್ಷಣವೇ ಆಸ್ಪತ್ರೆಗೆ.

ರೋಟಾವೈರಸ್ಸಿಗೆ ಲಸಿಕೆಯೂ ಉಂಟು. ದಿಲ್ಲಿಯ ಆಸ್ಪತ್ರೆಯಲ್ಲಿ, ರೋಗಲಕ್ಷಣವಿಲ್ಲದ ನವಜಾತ ಶಿಶುಗಳಲ್ಲಿ ಸಿಕ್ಕ ಒಂದು ತಳಿಯಿಂದ ನಮ್ಮ ದೇಶದಲ್ಲೇ ತಯಾರಾದ ಲಸಿಕೆ ೨೦೧೫ರಲ್ಲಿ ಬಿಡುಗಡೆಯಾಯಿತು. ಬೆಂಗಳೂರಿನ ಶಿಶುಗಳಲ್ಲಿ ಭಾರತೀಯ ವಿಜ್ಞಾನ ಮಂದಿರದ ಡಾ. ದುರ್ಗಾ ರಾವ್ ಅವರ ತಂಡ ಕಂಡ ಇನ್ನೊಂದು ತಳಿಯನ್ನೂ ಪರೀಕ್ಷಿಸಿದ್ದರು, ದಿಲ್ಲಿಯದು ಮೇಲಾಯಿತು. ಕರ್ನಾಟಕದಲ್ಲಿ ೨೦೧೯ರಿಂದ ಸರ್ಕಾರಿ ಕೇಂದ್ರಗಳಲ್ಲಿ ಈ ರೋಗಕ್ಕೆ ಬಾಯಿಗೆ ಹಾಕುವ ಲಸಿಕೆಯನ್ನು ೬, ೧೦ ಮತ್ತು ೧೪ನೆಯ ವಾರಗಳಲ್ಲಿ ಉಚಿತವಾಗಿ ಕೊಡುತ್ತ ಬಂದಿದ್ದಾರೆ. ಶಿಶುವಿಹಾರಕ್ಕೆ ಸೇರಿಸುವಾಗ ಲಸಿಕೆಯ ಕಾರ್ಡು ಕೇಳುವುದು ಒಳ್ಳೆಯ ಪದ್ಧತಿ. ಇದು ಎಲ್ಲ ಭೇದಿಯನ್ನೂ ತಡೆಯುವುದಿಲ್ಲ.

ಕೊನೆಯದಾಗಿ ಒಂದು ನೋಟ್‌ಪುಸ್ತಕ. ದಿನಾಂಕ, ಮಗುವಿನ ಹೆಸರು, ವಾಂತಿಯೋ ಭೇದಿಯೋ, ಎಷ್ಟು ಸಲ, ಎಷ್ಟು ಗಂಟೆಗೆ ಮನೆಗೆ ಕಳುಹಿಸಿತು, ಇಷ್ಟೇ. ಎರಡು ದಿನದೊಳಗೆ ಇಬ್ಬರು ಮಕ್ಕಳ ಹೆಸರು ಬಂದರೆ ಎಲ್ಲ ತಾಯಿತಂದೆಯರಿಗೂ ಹತ್ತಿರದ ಆರೋಗ್ಯ ಕೇಂದ್ರಕ್ಕೂ ತಿಳಿಸಬೇಕು. ಕೇಂದ್ರದ ಹೆಸರು ಕೆಡುತ್ತದೆಂದು ಕೆಲವರು ಅಂಜುತ್ತಾರೆ. ಹಾಗೆ ಅಂಜಿ ಸುಮ್ಮನಿದ್ದ ಒಂದು ಕೇಂದ್ರದ ಹನ್ನೊಂದು ಮಕ್ಕಳು ಒಂದೇ ವಾರದಲ್ಲಿ ನನ್ನ ಬಳಿಗೆ ಬಂದರು. ಒಂದು ಹೆಣ್ಣು ಮಗುವಿಗೆ ಮೂರು ದಿನ ಡ್ರಿಪ್ ಹಾಕಬೇಕಾಯಿತು. ಅದರ ತಂದೆ ನನ್ನನ್ನು ಕೇಳಿದ್ದು ಒಂದೇ ಮಾತು: “ಡಾಕ್ಟ್ರೇ, ಮೊದಲನೇ ಮಗೂಗೆ ಆದಾಗಲೇ ನಮಗೆ ಒಂದು ಮಾತು ಹೇಳಿದ್ರೆ ನಾವು ಮನೇಲೇ ಇಟ್ಕೋತಿರ್ಲಿಲ್ವಾ?” ಅಲ್ಲಿ ಈಗ ಪುಸ್ತಕ ಬಾಗಿಲ ಪಕ್ಕದ ಮೊಳೆಗೆ ದಾರದಲ್ಲಿ ನೇತಾಡುತ್ತಿದೆ. ಬೆಳಿಗ್ಗೆ ಮಗುವನ್ನು ಎತ್ತಿಕೊಳ್ಳುವ ಮುನ್ನ, ತಾಯಿ ಬಸ್ಸಿಗೆ ಓಡುವ ಮುನ್ನ, ಆಯಮ್ಮ ಕೇಳುತ್ತಾರೆ: “ರಾತ್ರಿ ಹೊಟ್ಟೆ ಸರಿಯಾಗಿತ್ತೇನಮ್ಮ?”